ಅರಸನಿಲ್ಲದ ಕಟ್ಟೆ

೯ ಸೆಪ್ಟೆಂಬರ್ ೧೯೭೩, ಭಾನುವಾರ

ನಮ್ಮ ಶಹಾಬಾದದ ಇತಿಹಾಸದಲ್ಲಿ ಇದು ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ದಿನ. ಸುವರ್ಣ ಸದ್ಯಕ್ಕೆ ಕೈಗೆಟುಕದ್ದರಿಂದ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದೇನೆ. ನವೆಂಬರ್ ಒಂದರಂದು ನಮ್ಮ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡುತ್ತಾರೆ. ಎಲ್ಲ ಊರುಗಳೂ ಏನಾದರೊಂದು ಮಾಡುತ್ತಿರುವಾಗ ನಾವು ಆಕಳಿಸುತ್ತ ಕೂರಬಾರದೆಂದು ಇಂದು ‘ಶಹಾಬಾದ ಅಭಿಮಾನ ವರ್ಧಕ ಸಮಿತಿ’ ಹುಟ್ಟಿತು. ಕಲ್ಲುಗಣಿಯ ಸಾಹುಕಾರ ಸಂಗಣ್ಣನವರು ಅಧ್ಯಕ್ಷರು. ನಿವೃತ್ತ ಹೆಡ್ ಮಾಸ್ತರ ನರಸಪ್ಪ, ಅಂದರೆ ನಾನು, ಕಾರ್ಯದರ್ಶಿ. ನಿವೃತ್ತಿಯಾದ ಮೇಲೆ ಯಾರೂ ನನಗೆ ಎದ್ದು ನಿಂತು ನಮಸ್ಕಾರ ಮಾಡಿರಲಿಲ್ಲ. ಇಂದು ಇಬ್ಬರು ಮಾಡಿದರು.

ಸಂಜೆ ಅಮೀರ್ ಅಲಿಗೆ ಸುದ್ದಿ ಹೇಳಿದೆ. ಅಮೀರ ಪಕ್ಕದ ಮನೆಯವನು, ಗೋಲಿ ಸೋಡಾ ತಯಾರಿಸುತ್ತಾನೆ, ಚಡ್ಡಿ ಹಾಕುವ ಕಾಲದಿಂದ ನನ್ನ ಗೆಳೆಯ. ನಮ್ಮಿಬ್ಬರ ಬಾಗಿಲುಗಳ ಮುಂದೆ ಒಂದೇ ಉದ್ದನೆಯ ಫರಸಿ ಹಾಸುಗಲ್ಲಿದೆ. ಮನೆ ಕಟ್ಟಿಸುವಾಗ ಭಂಕೂರದ ಗಣಿಯಿಂದ ಬಂಡಿಯಲ್ಲಿ ತಂದದ್ದು. ಒಬ್ಬರ ಬಾಗಿಲಿಗೆ ಉದ್ದವಾಯಿತು, ಒಡೆಯಲು ಇಬ್ಬರಿಗೂ ಮನಸ್ಸಾಗಲಿಲ್ಲ. ಕೆಳಗೆ ಗುಂಡುಕಲ್ಲು ಕೊಟ್ಟು ಎರಡೂ ಮನೆಗೆ ಸೇರಿ ಹಾಸಿಬಿಟ್ಟೆವು. ಸಂಜೆಯಾದರೆ ಅದರ ಮೇಲೆ ಕೂತು ಲೋಕದ ತಪ್ಪುಗಳನ್ನು ತಿದ್ದುತ್ತೇವೆ.

ಸಮಿತಿಯ ಹೆಸರು ಕೇಳಿ ಅಮೀರ ಗಡ್ಡ ಕೆರೆದುಕೊಂಡ.

“ಅಭಿಮಾನ ವರ್ಧಕ ಅಂದ್ರ ಟಾನಿಕ್ ಏನೋ ಮಾಸ್ತರ? ಊಟಕ್ಕಿಂತ ಮೊದಲು ಕುಡೀಬೇಕೋ, ಆಮ್ಯಾಲೋ?”

ಅವನನ್ನೂ ಸದಸ್ಯನನ್ನಾಗಿ ಮಾಡಿದ್ದೇನೆ. ಸಭೆಗೆ ಸೋಡಾ ಬೇಕಲ್ಲ.

೧೬ ಸೆಪ್ಟೆಂಬರ್, ಭಾನುವಾರ

ಮೊದಲ ಕಾರ್ಯಕ್ರಮ ಯಶಸ್ವಿಯಾಯಿತು. ಸ್ಟೇಶನ್ ರಸ್ತೆಯ ಉದ್ದನೆಯ ಗೋಡೆಗೆ ಸುಣ್ಣ ಬಳಿಸಿ ‘ನಮ್ಮ ಊರು ನಮ್ಮ ಹೆಮ್ಮೆ’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದೆವು. ಜನರು ಮೂತ್ರಕ್ಕೆ ನಿಲ್ಲುವ ಗೋಡೆ ಅದು. ಈಗಲೂ ನಿಲ್ಲುತ್ತಾರೆ. ಆದರೆ ಓದುತ್ತಾರೆ.

ಮುಂದಿನದು ಮೂರ್ತಿ. ಚೌಕದಲ್ಲಿ ಈ ಊರಿನ ಮಹಾಪುರುಷನೊಬ್ಬನ ಮೂರ್ತಿ ನಿಲ್ಲಬೇಕೆಂದು ಎಲ್ಲರೂ ಒಪ್ಪಿದರು. ಯಾವ ಮಹಾಪುರುಷ ಎಂಬಲ್ಲಿ ಸಭೆ ನಿಂತಿತು. ಒಬ್ಬರು ತಮ್ಮ ಅಜ್ಜ ಎಂದರು. ಇನ್ನೊಬ್ಬರು, ಆ ಅಜ್ಜ ತಮ್ಮ ಅಜ್ಜನ ಹೊಲ ಒತ್ತಿದವನು ಎಂದರು. ಸೋಡಾ ಮುಗಿದದ್ದರಿಂದ ಸಭೆ ಮುಂದಕ್ಕೆ ಹೋಯಿತು.

೨೩ ಸೆಪ್ಟೆಂಬರ್, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ವಾರವೆಲ್ಲ ಯೋಚಿಸಿ ಇಂದು ಸಭೆಯಲ್ಲಿ ನನ್ನ ಸಲಹೆ ಮುಂದಿಟ್ಟೆ. ಮಳಖೇಡ ನಮ್ಮ ಸೀಮೆಯದೇ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅರಸನನ್ನೇ ನಮ್ಮ ಚೌಕದಲ್ಲಿ ನಿಲ್ಲಿಸೋಣ, ಯಾರ ಅಜ್ಜನ ಗೊಡವೆಯೂ ಇರುವುದಿಲ್ಲ ಎಂದೆ. ಸಂಗಣ್ಣನವರು ತಲೆದೂಗಿದರು. ಆಗ ಅಮೀರ ಬಾಯಿ ಹಾಕಿದ.

“ಆ ರಾಜಾ ನಮ್ಮೂರಿಗಿ ಎಂದ ಬಂದಿದ್ದ, ಮಾಸ್ತರ? ವಾಡಿ ಜಂಕ್ಷನ್‌ದಾಗ ಗಾಡಿ ತಪ್ಪಿ ಇಲ್ಲಿ ಇಳಿದಿದ್ದನೇನು?”

ಸಭೆಗೆ ಸಭೆಯೇ ನಕ್ಕಿತು. ಅಧ್ಯಕ್ಷರು ಕೆಮ್ಮುವವರೆಗೆ ನಕ್ಕರು. ನನ್ನ ಕಿವಿ ಕಾದವು.

“ಸೋಡಾ ಮಾರಾವ್ರಿಗಿ ಇದೆಲ್ಲಾ ತಿಳಿಯಂಗಿಲ್ಲ,” ಎಂದೆ. “ಈ ನೆಲದ ಇತಿಹಾಸ ನಮ್ಮದು. ನಿಮ್ಮವ್ರಿಗಿ ಅದರಾಗ ಏನ್ ಸಂಬಂಧ?”

ಯಾರೂ ನಗಲಿಲ್ಲ. ಅಮೀರ ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟ, ಟೋಪಿ ಸರಿ ಮಾಡಿಕೊಂಡ, ಹೊರಟುಹೋದ. ನನ್ನ ಸಲಹೆ ಸರ್ವಾನುಮತದಿಂದ ಪಾಸಾಯಿತು.

ಮಾತಿನ ಭರದಲ್ಲಿ ಬಂದ ಮಾತು. ನ್ಯಾಯವಾಗಿ ನೋಡಿದರೆ ಮೊದಲು ಅವಮಾನ ಮಾಡಿದವನು ಅವನು.

೨೪ ಸೆಪ್ಟೆಂಬರ್, ಸೋಮವಾರ

ಇಂದಿನಿಂದ ಈ ದಿನಚರಿಯಲ್ಲಿ ಅಮೀರ್ ಅಲಿಯ ಹೆಸರು ಬರೆಯುವುದಿಲ್ಲ.

೨೫ ಸೆಪ್ಟೆಂಬರ್, ಮಂಗಳವಾರ

ಸಂಜೆ ಅಮೀರ್ ಅಲಿ ಕಲ್ಲಿನ ಮೇಲೆ ಕೂತಿದ್ದ. ನಾನು ಒಳಗೇ ಇದ್ದೆ. ಅವನು ಎದ್ದು ಹೋದ ಮೇಲೆ ನಾನು ಹೋಗಿ ಕೂತೆ. ಅವನ ಬಾಗಿಲ ಪರದೆ ಅಲ್ಲಾಡಿತು. ನೋಡಲಿ ಬಿಡು. ಅರ್ಧ ಕಲ್ಲು ನನ್ನದು.

೩೦ ಸೆಪ್ಟೆಂಬರ್, ಭಾನುವಾರ

ಹೈದರಾಬಾದಿನ ಮೂರ್ತಿ ಮಾಡುವವನಿಂದ ನಿನ್ನೆ ಪತ್ರ ಬಂತು. ಕೆಲಸ ಒಪ್ಪಿಕೊಂಡಿದ್ದಾನೆ. ‘ದಯವಿಟ್ಟು ಅರಸರ ಇತ್ತೀಚಿನ ಫೋಟೋ ಎರಡು ಕಳಿಸಬೇಕು, ಎದುರಿನಿಂದ ಒಂದು, ಪಕ್ಕದಿಂದ ಒಂದು’ ಎಂದಿದ್ದಾನೆ.

ಸಭೆ ಚಿಂತೆಗೆ ಬಿತ್ತು. ಕಡೆಗೆ ಸಂಗಣ್ಣನವರೇ ಸಂಕೋಚದಿಂದ, ತಮ್ಮ ಮೂಗು ರಾಜಮನೆತನದ್ದೆಂದು ಎಷ್ಟೋ ಜನ ಹೇಳಿದ್ದಾರೆ ಎಂದರು. ನಾವು ನೋಡಿದೆವು. ಸಾಹುಕಾರರು ಅಪ್ಪಣೆ ಕೊಟ್ಟ ಮೇಲೆ ಯಾವ ಮೂಗೂ ರಾಜಮನೆತನದ್ದೇ. ನಾಟಕ ಕಂಪನಿಯಿಂದ ಕಿರೀಟ ತರಿಸಿ, ಗುಲಬರ್ಗಾದ ಸ್ಟುಡಿಯೋದಲ್ಲಿ ಫೋಟೋ ತೆಗೆಸುವುದೆಂದು ಠರಾವಾಯಿತು.

ಸಭೆಗೆ ಸೋಡಾ ಬಂದಿರಲಿಲ್ಲ. ಬರೀ ನೀರು. ಹೊಟ್ಟೆ ಉಬ್ಬರಿಸಿದೆ. ಈ ವಿಷಯ ಕೇಳಿದ್ದರೆ ಅವನು ಹೇಗೆ ನಗುತ್ತಿದ್ದ ಎಂದು ದಾರಿಯಲ್ಲಿ ನೆನಪಾಯಿತು. ಆದರೆ ಅವನ ಹೆಸರು ಬರೆಯುವುದಿಲ್ಲ ಎಂದಿದ್ದೇನೆ.

೨ ಅಕ್ಟೋಬರ್, ಮಂಗಳವಾರ

ಹೊಸ ತೊಡಕು. ಮೂರ್ತಿಯ ಪೀಠದ ನೆತ್ತಿಗೆ ಒಂದೇ ಅಖಂಡ ಕಲ್ಲು ಬೇಕು. ದೇಶದ ಅರ್ಧ ಮನೆಗಳಿಗೆ ನೆಲ ಹಾಸಿದ ಊರು ನಮ್ಮದು, ಕಲ್ಲಿಗೇನು ಬರ ಎಂದುಕೊಂಡಿದ್ದೆ. ಸಂಗಣ್ಣನವರ ಗಣಿಯ ಒಳ್ಳೆಯ ಮಾಲೆಲ್ಲ ಮುಂಬೈ ಗುತ್ತಿಗೆದಾರನಿಗೆ ಹೋಗಬೇಕಂತೆ. “ನಮ್ಮ ಕಲ್ಲು ಮುಂಬೈದಾಗ ಕುಂತದ ಅಂದ್ರ ಅದೇ ಅಭಿಮಾನ ಅಲ್ರಿ ಮಾಸ್ತರ್ರ?” ಎಂದರು. ಊರವರು ಯಾರಾದರೂ ಕಲ್ಲು ದಾನ ಮಾಡಲಿ, ಕಾರ್ಯದರ್ಶಿಗಳೇ ಮೇಲ್ಪಂಕ್ತಿ ಹಾಕಲಿ ಎಂದು ಎಲ್ಲರೂ ನನ್ನ ಕಡೆ ನೋಡಿದರು.

ಸಂಜೆ ಮನೆಗೆ ಬಂದಾಗ ಅವನು ಕಲ್ಲಿನ ಮೇಲೆ ಕೂತು ರೋಜಾ ಉಪವಾಸ ಬಿಡಲು ಖರ್ಜೂರ ಹಿಡಿದುಕೊಂಡು ಮಸೀದಿಯ ಬಾಂಗಿಗೆ ಕಾಯುತ್ತಿದ್ದ. ಪ್ರತಿ ವರ್ಷ ಈ ಹೊತ್ತಿಗೆ ನಾನು ಒಳಗಿನಿಂದ ನನ್ನ ಹೆಂಡತಿ ಹಣಮಮ್ಮ ಕರಿದ ಬಿಸಿ ಭಜಿ ತಂದು ಅವನ ಪಕ್ಕದಲ್ಲಿಡುವುದು ರೂಢಿ. ನನ್ನನ್ನು ನೋಡಿ ಅವನು ಸ್ವಲ್ಪ ಜರುಗಿದ. ಜಾಗ ಮಾಡಲೋ, ದೂರ ಸರಿಯಲೋ, ಆ ಅಲ್ಲಾಹನಿಗೇ ಗೊತ್ತು. ನಾನು ಸೀದಾ ಒಳಗೆ ಹೋದೆ.

ಕೊಡುತ್ತೇನೆ. ಆ ಕಲ್ಲನ್ನೇ ಕೊಡುತ್ತೇನೆ.

೪ ಅಕ್ಟೋಬರ್, ಗುರುವಾರ

ಕೊಟ್ಟೆ. ಆಳುಗಳು ಹಾರೆ ಹಾಕಿ ಎಬ್ಬಿಸುವಾಗ ಅಮೀರ್ ಅಲಿ ಬಾಗಿಲಲ್ಲಿ ನಿಂತಿದ್ದ. ಅರ್ಧ ಅವನದು, ಬೇಡ ಅನ್ನಬಹುದಿತ್ತು. ಅನ್ನಲಿ ಎಂದೇ ನಾನೂ ನಿಂತಿದ್ದೆ. ಅವನು ಆಳುಗಳಿಗೆ, “ಹುಷಾರ್ ರೀ, ಮೂಲಿ ಒಡೆದೀತು,” ಎಂದಷ್ಟೇ ಹೇಳಿ ಒಳಗೆ ಹೋದ.

ಮನೆಯಲ್ಲಿ ಹಣಮಮ್ಮ ಸೌಟು ಹಿಡಿದು ಕಾಯುತ್ತಿದ್ದಳು.

“ನಲವತ್ತೆಂಟರಾಗ ರಜಾಕಾರ್ರು ನಮ್ಮ ಮನಿ ಲೂಟಿಗಿ ಬಂದಾಗ ಆ ಕಲ್ಲಿನ ಮ್ಯಾಲ ಕುಂತು ‘ಎರಡೂ ಮನಿ ನಂದೇ, ಮುಂದ ನಡೀರಿ’ ಅಂತ ಯಾರು ಅಂದ್ರು? ಅಮೀರಣ್ಣ ಅಲ್ಲೇನು? ಮುಂದ ಪೊಲೀಸ್ ಆಕ್ಷನ್ ಆಗಿ ಮಂದಿ ಅವರ ಮನಿ ಹುಡಿಕ್ಕೊಂತ ಬಂದಾಗ, ಅಲ್ಲೇ ಕುಂತು ಅದೇ ಮಾತು ನೀವು ಅನ್ಲಿಲ್ಲೇನು? ಇತಿಹಾಸ ಬೇಕಂತ, ಇತಿಹಾಸ! ಬಾಗಿಲದಾಗ ಬಿದ್ದಿತ್ತು, ಕಿತ್ತಿ ಕೊಟ್ಟು ಬಂದ್ರಿ!”

ಹೆಂಗಸರಿಗೆ ಸಾರ್ವಜನಿಕ ಕೆಲಸ ತಿಳಿಯುವುದಿಲ್ಲ. ಸಾರಿಗೆ ಉಪ್ಪು ಹಾಕಿರಲಿಲ್ಲ. ಕೇಳಲು ಧೈರ್ಯವಾಗಲಿಲ್ಲ.

ಸಂಜೆ ಅಮೀರ ಬಾಗಿಲಲ್ಲಿ ನಿಂತೇ ರೋಜಾ ಬಿಟ್ಟ.

೬ ಅಕ್ಟೋಬರ್, ದಸರಾ

ಊರೆಲ್ಲ ಬನ್ನಿ ಹಂಚಿದೆ. ವರ್ಷದ ಜಗಳ ಎಷ್ಟೇ ಇರಲಿ, ಇಂದು ಬನ್ನಿ ಎಲೆ ಕೊಟ್ಟು ‘ಬಂಗಾರದಂಗ ಇರೋಣ’ ಎಂದರೆ ಮುಗಿಯಿತು, ಅದು ನಮ್ಮ ಕಡೆಯ ಪದ್ಧತಿ. ಪ್ರತಿ ವರ್ಷ ಮೊದಲ ಎಲೆ ಅಮೀರನಿಗೇ ಹೋಗುತ್ತಿತ್ತು. ಈ ಸಲ ಸಂಗಣ್ಣನವರಿಗೆ ಕೊಟ್ಟೆ. ಅವರು ಎಲೆಯನ್ನು ಹಿಂದೆ ನಿಂತಿದ್ದ ಆಳಿನ ಕೈಗೆ ದಾಟಿಸಿದರು.

ಒಂದು ಎಲೆ ಉಳಿಯಿತು. ಎಸೆಯಬಾರದು. ಕೋಟಿನ ಕಿಸೆಯಲ್ಲಿದೆ.

೧೩ ಅಕ್ಟೋಬರ್, ಶನಿವಾರ

ಪೀಠದ ಕೆಲಸ ನೋಡಲು ಹೋಗಿ ಎದೆ ಹಿಡಿದುಕೊಂಡು ಬಂದೆ. ಕಲ್ಲು ಕಟ್ಟುವ ಸರ್ದಾರ ಜನ್ಮವಿಡೀ ಜನ ಕೂರುವ ಕಟ್ಟೆಗಳನ್ನೇ ಕಟ್ಟಿದವನು. ಇದಕ್ಕೂ ನಾಲ್ಕೂ ಬದಿಗೆ ಕೂರಲು ಅಂಚು ಬಿಟ್ಟಿದ್ದಾನೆ, ಬೆನ್ನಿಗೆ ಆನಿಕೆ ಕೊಟ್ಟಿದ್ದಾನೆ, ಹಿಂದಿನಿಂದ ಮೇಲೆ ಹತ್ತಲು ಪಾವಟಿಗೆ ಬೇರೆ.

“ಇದು ಯಾರಿಗಿ ಹತ್ತಲಿಕ್ಕೋ?” ಎಂದು ಕೂಗಿದೆ.

“ಕುಂದ್ರಾವ್ರಿಗಿ, ಮಾಸ್ತರ್ರ.”

“ಅಲ್ಲಿ ಅರಸ ನಿಲ್ತಾನ!”

“ಎಷ್ಟೊತ್ತಂತ ನಿಲ್ತಾನ್ರಿ? ದಣಿತಾನ.”

ಬೀಡಿ ಹಚ್ಚಿಕೊಂಡು, ತಾನು ಕಟ್ಟಿದ್ದನ್ನು ಕೆಡಹುವುದು ತನ್ನ ವಂಶದಲ್ಲೇ ಇಲ್ಲ ಎಂದ. ಆಮೇಲೆ ನೆತ್ತಿಯ ಮೇಲೆ ಹಾಸಿದ ಕಲ್ಲನ್ನು ಸವರಿ, “ಇದರ ಮ್ಯಾಲ ಎರಡು ಕಡಿ ಕುಂತು ಕುಂತು ಕನ್ನಡಿ ಆಗ್ಯದ ನೋಡ್ರಿ. ಉಳಿ ಹಾಕಿ ಎಲ್ಲಾ ಒಂದೇ ಮಾಡ್ಲೇನು?” ಎಂದು ಕೇಳಿದ.

ಬೇಡ ಎಂದೆ. ಸಮಯವಿಲ್ಲ.

೨೧ ಅಕ್ಟೋಬರ್, ಭಾನುವಾರ

ಸಭೆ. ನೀರು.

೨೫ ಅಕ್ಟೋಬರ್, ದೀಪಾವಳಿ

ಹಣತೆ ಹಚ್ಚಿದೆವು. ಬಾಗಿಲ ಮುಂದೆ ಇಡಲು ಸಮನಾದ ಜಾಗ ಇರಲಿಲ್ಲ. ಬರೀ ಗುಂಡುಗಳು ಉಳಿದಿವೆ, ಹಲ್ಲು ಬಿದ್ದ ಬಾಯಿಯ ಹಾಗೆ. ಹಣತೆ ಎರಡು ಸಲ ಉರುಳಿತು. ಪಕ್ಕದ ಮನೆಯಿಂದ ನೂರಜಹಾನ್ ಬಂದು ಒಂದು ಚಪ್ಪಟೆ ಕಲ್ಲು ಇಟ್ಟು ಹೋದಳು. ಅವಳು ಅಮೀರನ ಹೆಂಡತಿ. ಅವಳಿಗೂ ಹಣಮಮ್ಮನಿಗೂ ಈ ಜಗಳ ನಡೆದಿದೆ ಎಂಬುದೇ ಗೊತ್ತಿಲ್ಲದಂತೆ ಇದ್ದಾರೆ. ಹಿತ್ತಲ ಗೋಡೆಯ ಮೇಲಿಂದ ದಿನಾ ಬಟ್ಟಲುಗಳು ಅತ್ತಿತ್ತ ಹೋಗುತ್ತಿವೆ. ನನಗೆ ಬೇರೆ ಬೇರೆ ಮಸಾಲೆಯ ವಾಸನೆ ಬರುತ್ತದೆ. ಕೇಳಿದರೆ, “ನಿಮ್ಮ ಸಮಿತಿ ವಿಷಯ ನೀವು ನೋಡ್ಕೋರಿ,” ಎನ್ನುತ್ತಾಳೆ.

೨೮ ಅಕ್ಟೋಬರ್, ರಂಜಾನ್ ಹಬ್ಬ

ಪ್ರತಿ ರಂಜಾನಿಗೆ ಅಮೀರ ಹೊಸ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು, ತಾನೇ ಸುರಕುಂಬಾ ಪಾಯಸದ ಗಡಿಗೆ ಹಿಡಿದು ಮುಂಬಾಗಿಲಿನಿಂದ ಬರುತ್ತಿದ್ದ. ನಾನು ಮುಂಜಾನೆಯಿಂದ ಮುಂದಿನ ಕೋಣೆಯಲ್ಲೇ ಪೇಪರ್ ಓದುತ್ತಿದ್ದೆ. ಒಂದೇ ಪುಟ. ಮಧ್ಯಾಹ್ನ ಗಡಿಗೆ ಹಿತ್ತಲ ಗೋಡೆಯಿಂದ ಬಂತು.

“ನನಗ ಬ್ಯಾಡ,” ಎಂದೆ.

“ನಿಮಗ ಕೊಟ್ಟೋರು ಯಾರು?” ಎಂದಳು ಹಣಮಮ್ಮ.

ಸಂಜೆ ಒಂದು ಬಟ್ಟಲು ಕುಡಿದೆ. ಕೆಟ್ಟು ಹೋಗಬಾರದಲ್ಲ. ಆಮೇಲೆ ಇನ್ನೊಂದು. ಖರ್ಜೂರ ಜಾಸ್ತಿ ಹಾಕಿದ್ದರು. ನನಗೆ ಹಾಗೆ ಇಷ್ಟ ಎಂದು ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಣ್ಣಲ್ಲಿ ನೀರು ಬಂತು, ಬಿಸಿ ಇತ್ತು.

೩೦ ಅಕ್ಟೋಬರ್, ಮಂಗಳವಾರ

ಸರ್ವನಾಶ.

ಮೂರ್ತಿ ಹೊತ್ತ ಲಾರಿ ಹೈದರಾಬಾದಿನಿಂದ ಸೇಡಂ ದಾಟಿ ಬರುವಾಗ ಚಾಲಕ ಮಳಖೇಡದಲ್ಲಿ ಚಹಾಕ್ಕೆ ನಿಲ್ಲಿಸಿದನಂತೆ. ಊರವರು ಲಾರಿ ಸುತ್ತ ಸೇರಿ ಇದು ಯಾರ ಮೂರ್ತಿ ಎಂದು ಕೇಳಿದ್ದಾರೆ. ಆ ಪುಣ್ಯಾತ್ಮ ನಿಜ ಹೇಳಿದ್ದಾನೆ: ಮಳಖೇಡದ ರಾಜ ಎಂದು.

“ನಮ್ಮ ರಾಜಗ ನೀ ಎಲ್ಲಿಗಿ ಒಯ್ಲಿಕತ್ತೀಯೋ?” ಎಂದು ಇಳಿಸಿಕೊಂಡುಬಿಟ್ಟರಂತೆ. ಬಾಜಾ ಬಾರಿಸಿ, ಹಾರ ಹಾಕಿ, ಕೋಟೆಯ ಬಳಿ ನಿಲ್ಲಿಸಿ ಕಾಯಿ ಒಡೆದಿದ್ದಾರೆ. ಹಾಳು ಕೋಟೆಯ ಕಡೆ ತಿರುಗಿಯೂ ನೋಡದಿದ್ದ ಜನ ಈಗ ಸರದಿಯಲ್ಲಿ ಕಾವಲು ಕೂತಿದ್ದಾರಂತೆ. ಅಭಿಮಾನ ವರ್ಧಿಸಿದ್ದು ಹೌದು, ಊರು ಮಾತ್ರ ತಪ್ಪಿತು.

ಸಂಗಣ್ಣನವರು ಕಾರು ತೆಗೆದುಕೊಂಡು ಬಿಡಿಸಿಕೊಂಡು ಬರಲು ಹೋದರು. ಜನರು ಇವರ ಮುಖ ನೋಡಿದರು, ಮೂರ್ತಿಯ ಮುಖ ನೋಡಿದರು, ಕಾಲಿಗೆ ಬಿದ್ದರು. ಸಾಹುಕಾರರು ರಾಜನ ವಂಶದವರೆಂದು ಖಾತ್ರಿಯಾಗಿ ಮೂರ್ತಿ ಅಲ್ಲೇ ಇರಲಿ ಎಂದು ಹರಸಬೇಕೆಂದು ಕೇಳಿದರಂತೆ. ಅವರು ಹರಸಿ ಬಂದಿದ್ದಾರೆ. ಬಂದಾಗಿನಿಂದ ನಡೆಯುವ ರೀತಿಯೇ ಬೇರೆಯಾಗಿದೆ.

ಫೋಟೋದಲ್ಲಿದ್ದ ಕೈಗಡಿಯಾರವನ್ನೂ ಮೂರ್ತಿಕಾರ ಬಿಡದೆ ಕೆತ್ತಿದ್ದಾನಂತೆ. ತಮ್ಮ ಅರಸ ಆ ಕಾಲದಲ್ಲೇ ಗಡಿಯಾರ ಕಟ್ಟುತ್ತಿದ್ದ ಎಂದು ಮಳಖೇಡದವರು ಎದೆ ತಟ್ಟಿಕೊಳ್ಳುತ್ತಿದ್ದಾರೆ.

ಇಷ್ಟು ಕೇಳಿದ ಕೂಡಲೇ ನಾನು ಎದ್ದು ಮನೆಗೆ ಓಡಿದೆ. ಅಮೀರನಿಗೆ ಹೇಳಬೇಕು, ಅವನು ಹೊಟ್ಟೆ ಹಿಡಿದುಕೊಂಡು ಬೀಳುತ್ತಾನೆ ಎಂದು. ಬಾಗಿಲ ಮುಂದೆ ಗುಂಡು ಎಡವಿದಾಗ ನೆನಪಾಯಿತು.

ಯಾರಿಗೂ ಹೇಳದ ಮೇಲೆ ಇಂಥ ಸುದ್ದಿ ಯಾಕೆ ಬೇಕು.

೧ ನವೆಂಬರ್, ಗುರುವಾರ

ನಮ್ಮ ರಾಜ್ಯ ಇಂದಿನಿಂದ ಕರ್ನಾಟಕ. ಬರೆಯುವಾಗ ರೋಮಾಂಚನವಾಯಿತು, ಸುಳ್ಳಲ್ಲ.

ಸಮಾರಂಭ ನಡೆಯಿತು. ಬರಬೇಕಾದ ಮಂತ್ರಿಗಳು ಬರಲಿಲ್ಲ, ಅವರ ಭಾಷಣ ಬಂತು. ನಿಲ್ಲಬೇಕಾದ ಅರಸನೂ ಇರಲಿಲ್ಲ. ಆದರೆ ಪರದೆ ಹೊಲಿಸಿ ಆಗಿತ್ತು, ಬ್ಯಾಂಡಿನವರೂ ಬಂದಿದ್ದರು. ಸಂಗಣ್ಣನವರು ಪರದೆ ಎಳೆದರು. ಬರೀ ಕಲ್ಲು ಕಂಡಿತು. ಜನ ಚಪ್ಪಾಳೆ ತಟ್ಟಿದರು. ‘ಈ ಭವ್ಯ ಮೂರ್ತಿಯ ತೇಜಸ್ಸಿನ ಕಣ್ಣುಗಳನ್ನು ನೋಡಿರಿ’ ಎಂದು ಮಂತ್ರಿಗಳ ಭಾಷಣವನ್ನು ಅವರು ಗಂಭೀರವಾಗಿ ಓದಿದರು. ಜನ ನೋಡಿದರು. ನಾನೂ ನೋಡಿದೆ. ನನಗೆ ಕಂಡದ್ದು ಹೊಳೆಯುವ ಎರಡು ಕಡೆ ಮಾತ್ರ.

ಸಂಜೆ ಪರದೆ ಮಡಿಚಿ ತರಲು ಚೌಕಕ್ಕೆ ಹೋದೆ. ಅರಸ ನಿಲ್ಲಬೇಕಾದ ನೆತ್ತಿಯ ಮೇಲೆ ಅಮೀರ್ ಅಲಿ ಕಾಲು ಇಳಿಬಿಟ್ಟು ಕೂತಿದ್ದ. ತನ್ನ ಅರ್ಧದ ಮೇಲೆ. ನನ್ನ ಅರ್ಧ ಖಾಲಿ ಇತ್ತು.

“ಇಲ್ಲಿ ಕುಂದ್ರಲಿಕ್ಕ ನಮ್ಮವ್ರಿಗಿ ಪರವಾನಗಿ ಅದ ಏನ್ರಿ, ಸೆಕ್ರೆಟರಿ ಸಾಹೇಬ್ರ?” ಎಂದ. ನಗುತ್ತಿರಲಿಲ್ಲ. ಅವನ ಕಣ್ಣು ನನ್ನನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿತ್ತು.

ಹೇಳಬೇಕಾದ ಮಾತು ದೊಡ್ಡದಿತ್ತು. ಹುಡುಗರಿಗೆ ವ್ಯಾಕರಣ, ಇತಿಹಾಸ ಎಲ್ಲ ಹೇಳಿಕೊಟ್ಟವನಿಗೆ ಒಂದು ವಾಕ್ಯ ಹೊಂದಿಸಲಾಗಲಿಲ್ಲ. ಸರ್ದಾರನ ಪಾವಟಿಗೆ ಹಿಡಿದು ಮೇಲೆ ಹತ್ತಿದೆ. ಮೊಣಕಾಲು ನೋಯಿತು. ಪಕ್ಕದಲ್ಲಿ ಕೂತೆ. ಕೋಟಿನ ಕಿಸೆಗೆ ಕೈ ಹಾಕಿ ಬನ್ನಿ ಎಲೆ ತೆಗೆದೆ. ಒಣಗಿದ್ದು ಬೆರಳಲ್ಲೇ ಪುಡಿಯಾಯಿತು. ಹಾಗೇ ಅವನ ಅಂಗೈಗೆ ಸುರಿದೆ.

“ತಗೋ ಅಮೀರ. ಬಂಗಾರದಂಗ ಇರೋಣ.”

“ದಸರಾ ಹೋಗಿ ದೀವಳಿಗಿನೂ ಆತಲ್ಲೋ, ಮಾಸ್ತರ.”

“ಗೊತ್ತದ. ನಾ ಅಂದಿದ್ದು ಭಾಳ ಕೆಟ್ಟ ಮಾತು.”

ಅವನು ಪುಡಿಯನ್ನು ಒಂದು ಚೂರೂ ಚೆಲ್ಲದಂತೆ ಅಂಗಿಯ ಕಿಸೆಗೆ ಹಾಕಿಕೊಂಡ. “ನಾ ಖರೇನೇ ಹೊಂಟಿದ್ದೆ ಮಾಸ್ತರ. ಮನಿ ಮಾರಿ ಚಿತ್ತಾಪುರಕ್ಕ, ತಮ್ಮನ ಕಡಿ. ಗಿರಾಕಿ ನಾಳಿಗಿ ಬರಾವಿದ್ದ,” ಎಂದ.

ನಾನು ಅವನ ತೋಳು ಹಿಡಿದೆ.

“ಬರಬ್ಯಾಡ ಅಂತ ಹೇಳ್ತೀನಿ ತಗೋ,” ಎಂದು ನನ್ನ ಬೆನ್ನಿಗೆ ಗುದ್ದಿದ. “ಈಗ ಹೇಳು, ರಾಜನ ಕೈಯಾಗ ಗಡಿಯಾರ ಅದ ಅಂತಲ್ಲ, ಖರೆ ಏನು? ಎಷ್ಟು ಹೊಡದದ?”

ನಾವು ನಕ್ಕ ರಭಸಕ್ಕೆ ಪಕ್ಕದಲ್ಲಿದ್ದ ಪರದೆ ಕೆಳಗೆ ಬಿತ್ತು.

೧೧ ನವೆಂಬರ್, ಭಾನುವಾರ

ಸಮಿತಿಯ ಸಭೆ ಇತ್ತು. ಚೌಕದ ಕಟ್ಟೆಯ ಮೇಲೆ ಜನ ಕೂತು ಅದರ ಘನತೆ ಕೆಡುತ್ತಿದೆ, ಸುತ್ತ ಕಬ್ಬಿಣದ ಬೇಲಿ ಹಾಕಬೇಕೆಂದು ಸಂಗಣ್ಣನವರು ಠರಾವು ತಂದಿದ್ದಾರಂತೆ. ಕಾರ್ಯದರ್ಶಿಯ ಸಹಿ ಬೇಕಂತೆ. ಹೋಗಲಾಗಲಿಲ್ಲ. ಕಟ್ಟೆಯ ಮೇಲೆ ಕೂತಿದ್ದೆವು.

ಕಲ್ಲನ್ನು ಮನೆಗೆ ವಾಪಸ್ ತರೋಣವೇ ಎಂದು ಕೇಳಿದ್ದೆ. ಇರಲಿ ಬಿಡು, ಇಲ್ಲಿ ಗಾಳಿ ಚಲೋ ಬರುತ್ತದೆ ಎಂದ ಅಮೀರ. ಕೆಳಗಿನ ಅಂಚುಗಳಲ್ಲೂ ಈಗ ಜಾಗ ಸಿಗುವುದಿಲ್ಲ. ಗಣಿಯಿಂದ ಬಂದವರು, ಬಸ್ಸು ತಪ್ಪಿದವರು, ಸೊಸೆಯ ಮೇಲೆ ಸಿಟ್ಟಾದವರು, ಎಲ್ಲರೂ ಇಲ್ಲಿಯೇ. ಹಣಮಮ್ಮ ಮತ್ತು ನೂರಜಹಾನ್ ಮೊನ್ನೆ ನಮ್ಮನ್ನೇ ಎಬ್ಬಿಸಿ ಕೂತರು.

ಇಂದು ಬಸ್ಸಿಗೆ ಕಾಯುತ್ತಿದ್ದ ಪರ ಊರಿನವನೊಬ್ಬ, ಕೆಳಗೆ ಬದನೆಕಾಯಿ ಮಾರುವ ಸೈದಾನಬಿಯನ್ನು ಕೇಳಿದ:

“ಇಲ್ಲಿ ಯಾರೋ ದೊಡ್ಡವ್ರ ಮೂರ್ತಿ ಕೂಡಿಸ್ತಾರಂತಲ್ಲ, ಯಾವಾಗ್ರಿ?”

ಸೈದಾನಬಿ ತಕ್ಕಡಿಯಿಂದ ತಲೆ ಎತ್ತಲಿಲ್ಲ.

“ಕುಂತಾರಲ್ಲ, ನೋಡ್ರಿ ಮ್ಯಾಲ. ನಮ್ಮೂರವ್ರೇ.”

ಅವನು ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿ, ಯಾಕೋ ಕೈ ಮುಗಿದ. ಅಭಿಮಾನ ವರ್ಧಕ ಸಮಿತಿಯ ಕಾರ್ಯದರ್ಶಿಯಾಗಿ ನಾನು ಇಳಿದು ಅವನ ತಪ್ಪು ತಿದ್ದಬೇಕಿತ್ತು. ಅಮೀರ ಸೋಡಾದ ಗೋಲಿ ಒತ್ತಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟ. ನಾನು ಕೂತಲ್ಲೇ ಕೂತೆ.